ಮಡಿ ಕಾರಿನ ಎಡಗಾಲಿ

ರಾಯಚೂರಿನಲ್ಲಿ ಯಾವುದೋ ಒಂದು ವಸ್ತು ಬಿಸಿಯಾಗಿದೆ ಎಂದು ದೂರು ಹೇಳುವವನನ್ನು ಜನ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ನಲ್ಲಿಯ ನೀರು ಬಿಸಿ, ಕುರ್ಚಿಯ ಕೈ ಬಿಸಿ, ಜೇಬಿನೊಳಗಿನ ಕೀಲಿಕೈ ಬಿಸಿ. ಅಂಥ ಊರಿನಲ್ಲಿ ನಾನು ಎರಡು ತಿಂಗಳು ಒಂದೇ ದೂರು ಹೊತ್ತುಕೊಂಡು ತಿರುಗಿದೆ: ಕಾರಿನ ಮುಂದಿನ ಎಡಗಾಲಿ ಬಿಸಿಯಾಗುತ್ತಿದೆ. ಕೇಳಿದವರೆಲ್ಲ ನನಗೇ ಬಿಸಿಲು ತಲೆಗೇರಿದೆ ಎಂದುಕೊಂಡರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹಿರೇಕೊಟ್ನೆಕಲ್ಲಿನ ಊರಾಚೆಯ ಕೇರಿಯವನು. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡುತ್ತಿದ್ದರು. ಏಳು ವರ್ಷ ಲಾರಿಯಲ್ಲಿ ದುಡಿದ ಮೇಲೆ ರಾಯಚೂರಿನ ಒಬ್ಬ ವಕೀಲರ ಮನೆಯಲ್ಲಿ ಕಾರು ಓಡಿಸುವ ಕೆಲಸ ಸಿಕ್ಕಿತು. ಕೇರಿಯಲ್ಲಿ ಅದು ದೊಡ್ಡ ಸುದ್ದಿ. ಮಗನೇ ವಕೀಲನಾದನೇನೋ ಎಂಬಂತೆ ಅವ್ವ ಊರೆಲ್ಲ ಸಾರಿದ್ದಳು. ಲಾರಿ ಓಡಿಸುವವನು ಲುಂಗಿಯವನು, ಕಾರು ಓಡಿಸುವವನು ಪ್ಯಾಂಟಿನವನು ಎಂಬುದು ಅವಳ ಲೆಕ್ಕ. ಆ ಲೆಕ್ಕದ ಪ್ರಕಾರ ನಾನು ಬಹಳ ಮೇಲಕ್ಕೆ ಹೋಗಿದ್ದೆ.

ವಕೀಲರದ್ದು ಬೇರೆಯವರು ಓಡಿಸಿ ಬಿಟ್ಟ ಬಿಳಿಯ ಡುಮ್ಮ ಕಾರು. ವಾರದಲ್ಲಿ ಎರಡು ದಿನ ಮಾನ್ವಿ ಕೋರ್ಟು, ಒಂದು ದಿನ ದೇವದುರ್ಗ, ಉಳಿದ ದಿನ ಊರೊಳಗೆ. ಕೋರ್ಟಿನಲ್ಲಿ ವಕೀಲರ ಕಾನೂನು ನಡೆಯುತ್ತಿತ್ತು, ಮನೆಯಲ್ಲಿ ಅವರ ತಾಯಿಯದು. ಅವರನ್ನು ನಾವೆಲ್ಲ ಅಮ್ಮನವರು ಎನ್ನುತ್ತಿದ್ದೆವು. ಅರವತ್ತೈದು ದಾಟಿದ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಡಿಯಲ್ಲೇ ಇರುವ ಹೆಂಗಸು. ಹೊರಗಿನಿಂದ ಬಂದದ್ದು ಏನಿದ್ದರೂ ನೀರು ಕಂಡ ಮೇಲೆಯೇ ಅವರ ಕಣ್ಣಿಗೆ ಬೀಳಬೇಕು. ತರಕಾರಿ ತೊಳೆಯಬೇಕು, ಸರಿ. ಬಂದವರು ಕಾಲು ತೊಳೆಯಬೇಕು, ಅದೂ ಸರಿ. ಕಾರು ಕೊಂಡ ದಿನ ಅವರಿಗೆ ಹೊಸ ಚಿಂತೆ ಹತ್ತಿತಂತೆ: ಈ ನಾಲ್ಕು ಗಾಲಿಗಳು ಮಾನ್ವಿ ಸಂತೆಯಲ್ಲಿ ಏನೇನು ತುಳಿದು ಬರುತ್ತವೋ?

ಅಂದಿನಿಂದ ಕಾರು ಅಂಗಳಕ್ಕೆ ಬಂದು ನಿಂತ ಕೂಡಲೇ ಅವರು ತುಂಬಿದ ತಾಮ್ರದ ಕೊಡ ಹಿಡಿದು ಕಟ್ಟೆ ಇಳಿಯುತ್ತಿದ್ದರು. ಕಾರು ಎಡಮಗ್ಗುಲನ್ನು ಕಟ್ಟೆಗೆ ಮಾಡಿ ನಿಲ್ಲುತ್ತಿತ್ತು. ಆದ್ದರಿಂದ ಮುಂದಿನ ಎಡಗಾಲಿಗೆ ಅರ್ಧ ಕೊಡ ಸಲ್ಲುತ್ತಿತ್ತು. ಹಿಂದಿನ ಎಡಗಾಲಿಗೆ ಅದರ ಅರ್ಧ. ಸುತ್ತು ಹಾಕಿ ಬಲಕ್ಕೆ ಬರುವಷ್ಟರಲ್ಲಿ ಅವರ ಸೊಂಟವೂ ಸೋಲುತ್ತಿತ್ತು, ನೀರೂ ಮುಗಿಯುತ್ತಿತ್ತು. ಆ ಕಡೆಯ ಎರಡು ಗಾಲಿಗೆ ಬೆರಳಲ್ಲಿ ಚಿಮುಕಿಸಿದ್ದೇ ಪುಣ್ಯ. ಆದರೆ ಕೊಡದ ತಳದಲ್ಲಿ ಒಂದು ಬೊಗಸೆ ನೀರನ್ನು ಅವರು ಒಂದು ದಿನವೂ ಮರೆಯದೆ ಉಳಿಸುತ್ತಿದ್ದರು. ಅದು ಡ್ರೈವರ್ ಬಾಗಿಲಿನ ಹಿಡಿಕೆಗೆ.

ಗಾಲಿಗೆ ಅಂಟಿದ್ದು ರಸ್ತೆಯ ಮೈಲಿಗೆ ಎಂದು ಅವರೇ ಹೇಳುತ್ತಿದ್ದರು. ಹಿಡಿಕೆಗೆ ಅಂಟಿದ್ದು ಯಾವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಡಿಕೆಯನ್ನು ದಿನಾ ಹಿಡಿಯುತ್ತಿದ್ದವನು ನಾನೊಬ್ಬನೇ ಆದ್ದರಿಂದ ಕೇಳುವ ಅಗತ್ಯವೂ ಇರಲಿಲ್ಲ. ಸ್ಟೇರಿಂಗಿಗೆ ಮಾತ್ರ ಮಾಫಿ ಇತ್ತು, ಅದಕ್ಕೆ ನೀರು ಹಾಕಿದರೆ ಸೀಟು ನೆನೆಯುತ್ತದಲ್ಲ. ಹೀಗೆ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ತಪ್ಪದೆ ದಿನಾ ಸ್ನಾನ ಮಾಡುತ್ತಿದ್ದದ್ದು ಆ ಕಾರೊಂದೇ.

ಒಂದು ದಿನ ದೇವದುರ್ಗದಿಂದ ಬರುವಾಗ, ಗಬ್ಬೂರು ದಾಟಿದ ಮೇಲೆ, ಬ್ರೇಕ್ ತುಳಿದರೆ ಕಾರು ಎಡಕ್ಕೆ ಮುಖ ತಿರುಗಿಸಿತು. ಇಳಿಜಾರಿನಲ್ಲಿ ತಾನಾಗಿಯೇ ಓಡಬೇಕಾದ ಗಾಡಿ, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಂತೆ ನಿಧಾನವಾಯಿತು. ಜೊತೆಗೆ ಸುಟ್ಟ ಅರಿವೆಯ ವಾಸನೆ. ಹಿಂದಿನ ಸೀಟಿನಲ್ಲಿದ್ದ ವಕೀಲರಿಗೂ ವಾಸನೆ ಬಂತು.

“ಯಾರೋ ಹೊಲದಾಗ ಕಸ ಸುಡಾಕತ್ತಾರ, ಗಾಜು ಏರ್ಸು” ಎಂದರು.

ನಾನು ಗಾಜು ಏರಿಸಿದೆ. ಕಸ ಸುಡುವವರು ರಾಯಚೂರಿನವರೆಗೂ ನಮ್ಮ ಜೊತೆಯಲ್ಲೇ ಬಂದರು.

ಬಸ್ ನಿಲ್ದಾಣದ ಹಿಂದೆ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದರು. ನಾವು ಡ್ರೈವರುಗಳೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರ ಬಳಿ ಹೋಗಿ ಬ್ರೇಕ್ ಬಿಸಿಯಾಗುತ್ತಿದೆ ಎಂದೆ. ಅವರು ಬೀಡಿ ಬಾಯಿಂದ ತೆಗೆಯದೆ ನಕ್ಕರು.

“ಬಿಸಿ ಆಗೂದು ಬ್ರೇಕಿನ ಕೆಲಸ ಬೇಟಾ. ಓಡೋ ಗಾಡಿ ನಿಂದ್ರತದಲ್ಲ, ಆ ಓಟ ಎಲ್ಲಿ ಹೋಗಬೇಕು? ಗಾಲಿ ಒಳಗಿನ ಕಬ್ಬಿಣದ ಡ್ರಮ್ಮಿನಾಗ ಹೋಗಿ ಬಿಸಿ ಆಗತದ. ಮುಂದಿನ ಎರಡು ಗಾಲಿ ಹಿಂದಿನವಕ್ಕಿಂತ ಹೆಚ್ಚಿಗಿ ಬಿಸಿ ಆಗತಾವ, ಅದೂ ಬರೋಬ್ಬರಿ. ಅದಕ್ಕ ಹೆದರಬ್ಯಾಡ. ಜೋಡಿ ನೋಡು.”

“ಜೋಡಿ ಅಂದ್ರ?”

“ಮುಂದಿನ ಎಡದ್ದು ನೋಡಿದ ಕೈಲೆ ಮುಂದಿನ ಬಲದ್ದೂ ನೋಡು. ಎರಡೂ ಒಂದ ಬಿಸಿ ಇದ್ರ ಖುದಾ ಹಾಫಿಜ್, ಮನಿಗಿ ಹೋಗು. ಒಂದು ಬೆಚ್ಚಗ, ಒಂದು ಬೆಂಕಿ ಅಂದ್ರ, ಬೆಂಕಿ ಆಗಿದ್ದು ಹಿಡಕೊಂಡು ಕುಂತದ, ಬಿಡವಲ್ದು.”

ನೋಡುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. ನಿಲ್ಲಿಸುವ ಮುಂಚೆ ಒಂದು ಮೈಲಿ ಬ್ರೇಕ್ ಮುಟ್ಟಬಾರದು, ಗಾಡಿ ತಾನೇ ಉರುಳಿ ನಿಲ್ಲಬೇಕು. ಆಮೇಲೆ ಕೈಯ ಹಿಂಬದಿಯನ್ನು ಗಾಲಿಯ ಹತ್ತಿರ ಹಿಡಿಯಬೇಕು, ಅಂಗೈ ಹಚ್ಚಬಾರದು. ಬ್ರೇಕ್ ಹಾಕದೆಯೂ ಒಂದು ಗಾಲಿ ಸುಡುತ್ತಿದ್ದರೆ ಸಂಶಯವೇ ಬೇಡ. ಬಿಚ್ಚಿ ನೋಡಬೇಕು. ಬಿಚ್ಚಲು ಮಾತ್ರ ವಕೀಲರ ಅಪ್ಪಣೆ ತೆಗೆದುಕೊಂಡು ಬಾ ಎಂದರು. ಹೇಳಿದ್ದರಲ್ಲಿ ಅದೊಂದೇ ಕಷ್ಟದ ಕೆಲಸ.

ಮರುದಿನ ವಕೀಲರನ್ನು ಮಾನ್ವಿ ಕೋರ್ಟಿಗೆ ಬಿಟ್ಟು, ಖಾಲಿ ಗಾಡಿಯನ್ನು ಕಲ್ಲೂರಿನ ಕಡೆಗೆ ಓಡಿಸಿ, ಚಾಚಾ ಹೇಳಿದಂತೆಯೇ ಮಾಡಿದೆ. ಬಲಗಾಲಿ ಬಿಸಿಲಿಗೆ ಬಿದ್ದ ಯಾವುದೇ ಕಬ್ಬಿಣದಷ್ಟು ಬೆಚ್ಚಗಿತ್ತು. ಎಡಗಾಲಿಯ ಹತ್ತಿರ ಕೈ ಹಿಡಿದರೆ ಕೂದಲು ಸುಟ್ಟಿತು. ಖುಷಿಯಾಯಿತು ನನಗೆ. ರೋಗ ಗೊತ್ತಾಯಿತಲ್ಲ, ಇನ್ನು ಹೇಳುವುದೊಂದೇ ಬಾಕಿ ಎಂದುಕೊಂಡೆ. ವಕೀಲರಿಗೆ ಹೇಳುವುದೆಂದರೆ ಏನೆಂದು ಆಗ ಇನ್ನೂ ಗೊತ್ತಿರಲಿಲ್ಲ.

“ರಾಯಚೂರಾಗ ಬಿಸಿ ಇಲ್ಲದ್ದು ಒಂದು ತೋರ್ಸಲೇ, ನೋಡೂಣು” ಎಂದರು.

“ಬಲದ್ದಕ್ಕಿಂತ ಎಡದ್ದು ಭಾಳ ಬಿಸಿ ಅದರಿ ಸಾಹೇಬ್ರ.”

“ಮುಂಜಾನಿ ಮಾನ್ವಿಗಿ ಹೋಗೂವಾಗ ಬಿಸಿಲು ಯಾವ ಕಡಿ ಬೀಳತದ?”

ಯೋಚಿಸಿ ಹೇಳಿದೆ. “ಎಡಕ್ಕರಿ.”

“ಸಂಜಿಮುಂದ ಬರೂವಾಗ?”

ಸುಳ್ಳು ಹೇಳುವಂತಿರಲಿಲ್ಲ. ಬರುವಾಗಲೂ ಎಡಕ್ಕೇ. “ಎಡಕ್ಕರಿ.”

“ಮತ್ತ?”

ಇಂಥ ಬುದ್ಧಿಗೆ ಕೈ ಮುಗಿಯಬೇಕು. ಸೂರ್ಯನನ್ನೇ ತಮ್ಮ ಕಡೆಯ ಸಾಕ್ಷಿ ಮಾಡಿಕೊಂಡಿದ್ದರು. ನೀವೇ ಒಮ್ಮೆ ಕೈ ಹಿಡಿದು ನೋಡಿ ಎಂದು ಬೇಡಿಕೊಂಡೆ. ಕೋರ್ಟಿನ ಮುಂದೆ ಕರಿ ಕೋಟು ತೊಟ್ಟು ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂರಲು ಅವರಿಗೆ ಆಗದು, ಕಕ್ಷಿದಾರರು ನೋಡುತ್ತಾರೆ. ಮನೆಗೆ ಬಂದ ಮೇಲೆ ನೋಡುತ್ತೇನೆ ಎಂದರು. ಮನೆಗೆ ಬಂದರೆ ಅವರು ಕೋಟು ಕಳಚಿ ಹೊರಗೆ ಬರುವಷ್ಟರಲ್ಲಿ ತಾಯಿ ಅರ್ಧ ಕೊಡ ಸುರಿದಿರುತ್ತಿದ್ದರು. ಗಾಲಿ ಚುಸ್ ಎಂದು ಒಮ್ಮೆ ಹೊಗೆಯಾಡಿ, ತಣ್ಣಗಾಗಿ, ಮುಗ್ಧವಾಗಿ ನಿಂತಿರುತ್ತಿತ್ತು. ವಕೀಲರು ದೂರದಿಂದ ನೋಡಿ, “ಎಲ್ಲದ ಬಿಸಿ?” ಎನ್ನುತ್ತಿದ್ದರು. ಮೂರು ಊರಿನ ಕೋರ್ಟಿನಲ್ಲಿ ಸಾಕ್ಷಿಯನ್ನು ಹಿಂಡಿ ಹಿಪ್ಪೆ ಮಾಡುವ ಮನುಷ್ಯನ ಮನೆಯಂಗಳದಲ್ಲೇ ದಿನಾ ಸಾಕ್ಷ್ಯ ತೊಳೆದುಹೋಗುತ್ತಿತ್ತು.

ಒಂದು ದಿನ ಧೈರ್ಯ ಮಾಡಿ, ದೂರದಲ್ಲೇ ನಿಂತು ಅಮ್ಮನವರಿಗೆ ಹೇಳಿದೆ.

“ಅಮ್ಮಾರ, ಇವತ್ತೊಂದು ದಿನ ನೀರು ಹಾಕಬ್ಯಾಡ್ರಿ.”

“ಯಾಕೋ?”

“ಸಾಹೇಬ್ರು ಗಾಲಿ ಮುಟ್ಟಿ ನೋಡಬೇಕ್ರಿ.”

“ನನ್ನ ಮಗ ಆ ಹೊಲಸು ಗಾಲಿ ಮುಟ್ಟಬೇಕಾ?” ಎಂದು ಅವರು ಅಂದು ಎರಡು ಕೊಡ ನೀರು ಹಾಕಿದರು.

ಕೊನೆಗೆ ವಕೀಲರು ತಮ್ಮ ತೀರ್ಪು ಕೊಟ್ಟರು. “ನೀನು ಲಾರಿಯವ. ಬ್ರೇಕ್ ಮ್ಯಾಲೆ ಕಾಲಿಟ್ಟುಕೊಂಡ ಗಾಡಿ ಓಡಸ್ತಿ. ಅದಕ್ಕ ಬಿಸಿ, ಅದಕ್ಕ ವಾಸನಿ.”

“ನನ್ನ ಕಾಲು ಬ್ರೇಕ್ ಮ್ಯಾಲಿದ್ರ ನಾಕೂ ಗಾಲಿ ಬಿಸಿ ಆಗಬೇಕಲ್ರಿ. ಒಂದ ಯಾಕ ಆಗತದರಿ?”

ಒಳ್ಳೆಯ ಪ್ರಶ್ನೆ ಎಂದು ಈಗಲೂ ನನಗೆ ಅನಿಸುತ್ತದೆ. ವಕೀಲರಿಗೂ ಹಾಗೆಯೇ ಅನಿಸಿರಬೇಕು, ಮುಖ ಕೆಂಪಾಯಿತು.

“ನನ್ನ ಮುಂದ ವಾದ ಮಾಡಬ್ಯಾಡ. ಹದಿನೈದು ದಿನ ನೋಡ್ತೀನಿ. ನಿನ್ನ ಕಾಲು ಸುಧಾರಿಸಲಿಲ್ಲಂದ್ರ ಬ್ಯಾರೆ ಡ್ರೈವರ್ ನೋಡ್ಕೋತೀನಿ.”

ಕೆಲಸ ಹೋಗುವುದು ಒಂದು. ಕಾಲು ಸರಿಯಿಲ್ಲ ಎಂಬ ಹೆಸರು ಹೊತ್ತು ಹೋಗುವುದು ಇನ್ನೊಂದು. ರಾಯಚೂರಿನಲ್ಲಿ ಆಗ ಕಾರಿದ್ದವರು ಎಷ್ಟು ಮಂದಿ? ಎಲ್ಲರೂ ಸಂಜೆ ಒಬ್ಬರ ಮನೆಯ ಕಟ್ಟೆಯ ಮೇಲೆ ಇನ್ನೊಬ್ಬರು ಕುಳಿತು ಚಹಾ ಕುಡಿಯುವವರೇ. ವಕೀಲರು ಒಂದು ಮಾತು ಹೇಳಿದರೆ ನನಗೆ ಆ ಊರಿನಲ್ಲಿ ಇನ್ನೊಂದು ಸ್ಟೇರಿಂಗ್ ಸಿಗುತ್ತಿರಲಿಲ್ಲ. ಹಿರೇಕೊಟ್ನೆಕಲ್ಲಿಗೆ ಹೋಗಿ ಅವ್ವನಿಗೆ ಏನು ಹೇಳಲಿ? ನಿದ್ದೆ ಬರುತ್ತಿರಲಿಲ್ಲ. ಸಿಟ್ಟೂ ಬರುತ್ತಿತ್ತು. ನನ್ನ ಕೈ ನಿಜ ಹೇಳುತ್ತಿತ್ತು, ಆದರೆ ನನ್ನ ಕೈಯ ಮಾತಿಗೆ ಆ ಮನೆಯಲ್ಲಿ ಬೆಲೆ ಇರಲಿಲ್ಲ. ಅದು ಮುಟ್ಟಿದ್ದಕ್ಕೆಲ್ಲ ನೀರು ಬೀಳುತ್ತಿತ್ತು, ಅಷ್ಟೇ.

ಹನ್ನೆರಡನೆಯ ದಿನ ಅಮ್ಮನವರಿಗೆ ಚೀಕಲಪರ್ವಿಯಲ್ಲಿ ಹೊಳೆಯ ಸ್ನಾನ ಮಾಡುವ ಮನಸ್ಸಾಯಿತು. ಕೋರ್ಟಿಗೆ ರಜೆ, ವಕೀಲರೂ ಹೊರಟರು. ನಾನು ಬ್ರೇಕನ್ನು ಆದಷ್ಟು ಮುಟ್ಟದೆ, ಮುಂದೆ ಎಮ್ಮೆ ಕಂಡರೆ ಅರ್ಧ ಮೈಲಿ ಮೊದಲೇ ಕಾಲು ಎತ್ತಿ, ಹೇಗೋ ತಲುಪಿಸಿದೆ. ಅಮ್ಮನವರು ತುಂಗಭದ್ರೆಯಲ್ಲಿ ಮುಳುಗಿ ಎದ್ದು, ಕುಡಿಯಲು ಮಡಿಯಲ್ಲಿ ಒಂದು ತಾಮ್ರದ ಕೊಡ ನೀರು ತುಂಬಿಕೊಂಡರು. ಆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡೇ ಹಿಂದಿನ ಸೀಟಿನಲ್ಲಿ ಕುಳಿತರು.

ತಿರುಗಿ ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮಾನ್ವಿ ಇನ್ನೂ ದೂರವಿರುವಾಗಲೇ ಗಾಡಿ ಎರಡನೆಯ ಗೇರಿನಲ್ಲಿ ಏದುಸಿರು ಬಿಡತೊಡಗಿತು. ವಾಸನೆ ಬಂತು. ಆಮೇಲೆ ಎಡಗಡೆಯಿಂದ ಬಿಳಿ ಹೊಗೆ ಎದ್ದಿತು. ಸುತ್ತ ಹತ್ತಿ ಕಿತ್ತ ಬೋಳು ಕಪ್ಪು ಹೊಲ. ವಕೀಲರಿಗೆ ಈ ಸಲ ಕಸ ಸುಡುವವರು ಯಾರೂ ಕಾಣಲಿಲ್ಲ.

ನಿಲ್ಲಿಸಿದೆ. ನಾನು ಇಳಿದು ಮುಂದಿನಿಂದ ಸುತ್ತಿ ಬರುವಷ್ಟರಲ್ಲಿ ಅಮ್ಮನವರು ಕೊಡದ ಸಮೇತ ಇಳಿದು ಗಾಲಿಯ ಮುಂದೆ ನಿಂತಿದ್ದರು. ಹೊಗೆ ಕಂಡರೆ ಯಾರಾದರೂ ನೀರು ಹಾಕುತ್ತಾರೆ, ಅವರಿಗಂತೂ ಅದು ದಿನದ ಅಭ್ಯಾಸ. ಕೊಡ ಓರೆಯಾಯಿತು.

“ನೀರು ಹಾಕಬ್ಯಾಡ್ರಿ! ಇವತ್ತು ಭಾಳ ಕಾದದ, ಡ್ರಮ್ ಸೀಳತದ!” ಎಂದು ಕಿರುಚಿ, ಓಡಿ ಹೋಗಿ ಎರಡೂ ಕೈಯಲ್ಲಿ ಕೊಡ ಹಿಡಿದುಬಿಟ್ಟೆ.

ಆಮೇಲೆ ನಾನು ಏನು ಹಿಡಿದಿದ್ದೇನೆಂದು ಮೂವರಿಗೂ ಒಟ್ಟಿಗೆ ತಿಳಿಯಿತು. ಹೊಳೆಯ ನೀರು, ಮಡಿಯ ಕೊಡ, ಅದರ ಮೇಲೆ ನನ್ನ ಹತ್ತು ಬೆರಳು. ಹದಿನೈದು ದಿನದ ಗಡುವು ಹನ್ನೆರಡಕ್ಕೇ ಮುಗಿಯಿತು ಎಂದುಕೊಂಡೆ.

ಅಮ್ಮನವರು ಮೆಲ್ಲಗೆ ಕೊಡದಿಂದ ಕೈ ಬಿಟ್ಟರು. ಕೊಡ ನನ್ನ ಕೈಯಲ್ಲೇ ಉಳಿಯಿತು.

“ಬಿಸಿ ಬಿಸಿ ಅಂತ ಬಡಕೋತಿದ್ದೆಲ್ಲ, ಇದೇನು?” ಎಂದರು.

“ಹೌದ್ರಿ ಅಮ್ಮಾರ.”

“ಆ ಕಡಿದು?”

“ಅದು ಆಗಿಲ್ರಿ. ಬೇಕಾದ್ರ ನೋಡ್ರಿ.”

ವಕೀಲರು “ಅವ್ವಾ, ಬ್ಯಾಡ” ಎಂದರು. ಐವತ್ತು ವರ್ಷ ಒಲೆಯ ಮುಂದೆ ಕುಳಿತ ಹೆಂಗಸಿಗೆ ಬಿಸಿಯ ಬಗ್ಗೆ ವಕೀಲರ ಸಲಹೆ ಬೇಕಿರಲಿಲ್ಲ. ಹಂಚು ಕಾದಿದೆಯೇ ಎಂದು ನೋಡುವ ಹಾಗೆ ಅವರು ಕೈಯ ಹಿಂಬದಿಯನ್ನು ಎಡಗಾಲಿಯ ಹತ್ತಿರ ಒಯ್ದು ಚಟ್ಟನೆ ಹಿಂದೆ ತೆಗೆದರು. ಯಾರೂ ಹೇಳಿಕೊಡದೆ, ಚಾಚಾ ಹೇಳಿದ ಹಾಗೆಯೇ. ಆಮೇಲೆ ಸುತ್ತಿ ಹೋಗಿ ಬಲಗಾಲಿಯ ಮೇಲೆ ಕೈ ಇಟ್ಟರು. ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು.

“ಇದರ ಮ್ಯಾಲೆ ರೊಟ್ಟಿ ಹಸೀನ ಉಳೀತದ, ಅದರ ಮ್ಯಾಲೆ ಕರಕಾಗತದ” ಎಂದು ಮಗನಿಗೆ ಹೇಳಿದರು. “ಅವ ಖರೇನ ಹೇಳ್ಯಾನ. ನೀ ಯಾಕ ನೋಡಲಿಲ್ಲೋ?”

ವಕೀಲರು ಬಿಸಿಲಿನ ದಿಕ್ಕಿನ ಬಗ್ಗೆ ಏನೋ ಹೇಳಲು ಹೋದರು. ಆ ಹೊತ್ತಿನಲ್ಲಿ ಬಿಸಿಲು ನೇರ ತಲೆಯ ಮೇಲಿತ್ತು.

ಗಾಲಿ ಆರಲು ಎರಡು ತಾಸು ಬೇಕಾಯಿತು. ಅಮ್ಮನವರು ಮತ್ತು ವಕೀಲರು ಒಂದು ಜಾಲಿಗಿಡದ ಅರೆನೆರಳಲ್ಲಿ ಕುಳಿತರು. ನಾನು ಕೊಡ ಹಿಡಿದು ಎಲ್ಲಿಡಲಿ ಎಂದು ತಿಳಿಯದೆ ನಿಂತಿದ್ದೆ.

“ಮುಟ್ಟಿದಿ. ಇನ್ನ ಅದು ನನಗ ಬರಂಗಿಲ್ಲ” ಎಂದರು ಅಮ್ಮನವರು. “ನೀನ ಕುಡಿ.”

ಕುಡಿದೆ. ಗಂಟಲು ಒಣಗಿತ್ತು, ಮರ್ಯಾದೆ ನೋಡುವ ಹೊತ್ತು ಅದಲ್ಲ. ಹೊಳೆಯ ನೀರು ತಾಮ್ರದಲ್ಲಿ ತಂಪಾಗಿತ್ತು. ಅಮ್ಮನವರು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದರು. ವಕೀಲರು ಕೊಡವನ್ನೇ ನೋಡುತ್ತಿದ್ದರು, ತಾಯಿಯ ಎದುರು ಕೇಳುವಂತಿಲ್ಲ. ಮೊದಲು ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡನೆಯ ಸಲ ಕೊಡ ಎತ್ತುವಾಗ ಮುದುಕಿಯ ತುಟಿ ಕಂಡಿತು. ಕೊಡುವಂತಿರಲಿಲ್ಲ, ಕುಡಿಯಲೂ ಆಗಲಿಲ್ಲ. ಕೊಡವನ್ನು ಅವರ ಕಣ್ಣಿಗೆ ಬೀಳದಂತೆ ಕಾರಿನ ಆಚೆ ಇಟ್ಟೆ.

ಗಾಲಿ ಆರಿದ ಮೇಲೆ ಜಾಕ್ ಹಾಕಿ, ಆ ಬ್ರೇಕನ್ನು ಹಿಂದಿನಿಂದ ಸಡಿಲ ಮಾಡಿ, ಮೆಲ್ಲಗೆ ರಾಯಚೂರು ಮುಟ್ಟಿಸಿದೆ. ಮರುದಿನ ವಕೀಲರು ತಾವೇ ಚಾಚಾನ ಬಳಿ ಬಂದರು. ಚಾಚಾ ಗಾಲಿ ಬಿಚ್ಚಿ, ಬ್ರೇಕನ್ನು ಅಗಲಿಸುವ ಸಣ್ಣ ಸಿಲಿಂಡರ್ ತೆಗೆದು, ಅಂಗೈ ಮೇಲಿಟ್ಟು ತೋರಿಸಿದರು. ತುಕ್ಕು ಹಿಡಿದು ಒಳಗಿನದು ಒಳಗೇ ಕಚ್ಚಿಕೊಂಡಿತ್ತು.

“ಸಾಬ್, ಈ ಗಾಡಿ ಏನು ಹೊಳ್ಯಾಗ ಓಡಸ್ತೀರೇನು? ರಾಯಚೂರಾಗ ಇಷ್ಟು ತುಕ್ಕು ನಾನು ನೋಡಿಲ್ಲ. ಅದೂ ಒಂದ ಗಾಲಿಗಿ!”

ವಕೀಲರು ನನ್ನನ್ನು ನೋಡಿದರು. ನಾನು ಚಾಚಾನ ಬೀಡಿಯನ್ನು ನೋಡಿದೆ. ಕೆಲಸ ಉಳಿಯಿತು. ಕ್ಷಮೆ ಎಂಬ ಮಾತು ಬರಲಿಲ್ಲ, ವಕೀಲರು ಸೋತ ಕೇಸಿನ ಬಗ್ಗೆ ಮಾತಾಡುವುದಿಲ್ಲ. ಅಮ್ಮನವರು ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹೊಳಪು ಬರಿಸಿ ಒಳಗೆ ಒಯ್ದರು. ಗಾಲಿಗೆ ನೀರು ಹಾಕುವುದನ್ನು ಅಂದೇ ನಿಲ್ಲಿಸಿದರು. ನೀರು ಹಾಕಿದರೆ ಬ್ರೇಕ್ ಕೆಡುತ್ತದೆ ಎಂದು ಮಗನಿಂದ ಅವರಿಗೆ ತಿಳಿದಿತ್ತು, ತಿಳಿದದ್ದನ್ನು ಅವರು ಮಾಡುವವರೇ. ಬದಲಿಗೆ ಕಾರು ಬಂದಾಗ ಕಟ್ಟೆ ಇಳಿದು, ಮುಂದಿನ ಎರಡು ಗಾಲಿಗೂ ಕೈಯ ಹಿಂಬದಿ ಹಿಡಿದು, “ಎರಡೂ ಒಂದ ಅದಾವ” ಎಂದು ಒಳಗಿದ್ದ ಮಗನಿಗೆ ಕೂಗಿ ಹೇಳುತ್ತಿದ್ದರು. ಆಮೇಲೆ ಸುತ್ತಿ ಬಂದು, ಸಣ್ಣ ತಂಬಿಗೆಯಿಂದ ಡ್ರೈವರ್ ಬಾಗಿಲಿನ ಹಿಡಿಕೆಗೆ ನೀರು ಹಾಕುತ್ತಿದ್ದರು.

ಹಿಡಿಕೆಯಲ್ಲಿ ಬ್ರೇಕ್ ಇರಲಿಲ್ಲವಲ್ಲ.

ಹೀಗೆ ಏಳು ವರ್ಷ. ಎಂಬತ್ತರ ದಶಕದ ನಡುವೆ ವಕೀಲರು ಹೊಸ ಸಣ್ಣ ಕಾರಿಗೆ ಹೆಸರು ಬರೆಸಿದರು. ಹಳೆಯದನ್ನು ಕೊಳ್ಳಲು ಜಾಲಹಳ್ಳಿಯ ಒಬ್ಬ ಗುತ್ತಿಗೆದಾರ ಬಂದ. ಸುತ್ತ ತಿರುಗಿ ನೋಡಿದ. ಮೂರು ಬಾಗಿಲಿನ ಹಿಡಿಕೆಗಳು ಫಳಫಳ ಹೊಳೆಯುತ್ತಿದ್ದವು. ನಾಲ್ಕನೆಯದು ಸಿಪ್ಪೆ ಎದ್ದು ತುಕ್ಕು ತಿಂದಿತ್ತು.

“ಇದೊಂದ ಯಾಕ ಹಿಂಗಾಗ್ಯದರಿ?”

“ಅದಾ? ಡ್ರೈವರ್ ಕೈ ಬೆವರು” ಎಂದರು ವಕೀಲರು, ಒಂದು ಗಳಿಗೆಯೂ ತಡೆಯದೆ. “ಇವನ ಕೈ ಭಾಳ ಬೆವರತದ.”

ನಾನು ನನ್ನ ಅಂಗೈ ನೋಡಿಕೊಂಡೆ. ಒಣಗಿತ್ತು. ಏಳು ವರ್ಷದಲ್ಲಿ ಇಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಮೊದಲು ನನ್ನ ಕಾಲಿನ ತಪ್ಪು, ಈಗ ನನ್ನ ಕೈಯ ತಪ್ಪು. ಮಾತು ಬಾಯಿಯವರೆಗೆ ಬಂದಿತ್ತು.

“ಯಾಕ ಸುಳ್ಳು ಹೇಳ್ತೀಯೋ?” ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತಿದ್ದ ಅಮ್ಮನವರು ಹೇಳಿದರು. “ಅದು ಅವನ ಬೆವರಲ್ಲ. ನಾ ಹಾಕಿದ ನೀರು.”

ಜಾಲಹಳ್ಳಿಯವನಿಗೆ ಅರ್ಥವಾಗಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

“ಹಿಡಿಕಿಗ್ಯಾಕ್ರಿ ಅಮ್ಮಾರ ನೀರು?”

ಗಾಲಿಗೆ ಯಾಕೆ ಎಂದು ಕೇಳಿದ್ದರೆ ಅವರು ತಕ್ಷಣ ಹೇಳುತ್ತಿದ್ದರು. ನನ್ನನ್ನು ನೋಡಿದರು. ಆಮೇಲೆ ಕೋಲೂರಿ ಎದ್ದು ಒಳಗೆ ಹೋದರು.

ಓಡಿಸಿ ತೋರಿಸು ಎಂದರು ವಕೀಲರು. ನಾನು ಹೋಗಿ ಆ ಹಿಡಿಕೆ ಹಿಡಿದೆ. ಮಧ್ಯಾಹ್ನದ ಬಿಸಿಲಿಗೆ ಸುಡುತ್ತಿತ್ತು. ಅಂದು ಅದಕ್ಕೆ ಯಾರೂ ನೀರು ಹಾಕಲಿಲ್ಲ.